ಒಳಕೋಣೆಗೆ ವೈಫೈ ಎಳೆದದ್ದು

ಸ್ಟ್ರೋಕ್ ಆದ ಮೇಲೆ ನಮ್ಮ ಅತ್ತೆಯ ಬಾಯಲ್ಲಿ ಉಳಿದದ್ದು ಒಂದೇ ಮಾತು, ‘ಬ್ಯಾಡ’. ಕಾಫಿ ಬೇಕಾದರೂ ಬ್ಯಾಡ, ಸಾಕಾದರೂ ಬ್ಯಾಡ. ಫ್ಯಾನು ಹಾಕು ಅನ್ನುವುದಕ್ಕೂ ಬ್ಯಾಡ, ಮಗ ತೋಟದಿಂದ ಬಂದನೇ ಎಂದು ಕೇಳುವುದಕ್ಕೂ ಬ್ಯಾಡ. ನಾವು ಹೇಳಿದ್ದೆಲ್ಲ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ತಮ್ಮ ಬಾಯಿಂದ ಬಂದದ್ದು ತಪ್ಪು ಮಾತು ಎಂಬುದೂ ಗೊತ್ತಾಗುತ್ತಿತ್ತು. ಅಂದ ಮರುಕ್ಷಣವೇ ಸ್ವಾಧೀನವಿದ್ದ ಎಡಗೈಯಿಂದ ಹಣೆ ಚಚ್ಚಿಕೊಳ್ಳುತ್ತಿದ್ದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

ಅವರೇನು ಸಾಮಾನ್ಯ ಮಾತುಗಾರ್ತಿಯಲ್ಲ. ಕೊಬ್ಬರಿ ಕೊಳ್ಳಲು ಬಂದ ವ್ಯಾಪಾರಿ ಚೌಕಾಸಿ ಶುರುಮಾಡಿದರೆ ಒಳಗಿನಿಂದಲೇ ಒಂದು ಮಾತು ಎಸೆದು ಅವನ ಬಾಯಿ ಮುಚ್ಚಿಸುವವರು. ನಾನು ಬೇಲೂರು ಸೀಮೆಯ ಬಿಕ್ಕೋಡಿನ ಕಡೆಯವಳು, ಕಾಫಿ ಗಿಡಗಳ ನಡುವೆ ಬೆಳೆದವಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ತೆಂಗಿನ ವಿಚಾರಕ್ಕೆ ನಾನು ಬಾಯಿ ಹಾಕಿದರೆ, “ನೀ ಕಾಫಿ ಕಡೆಯೋಳು, ನಿಂಗೇನ್ ಗೊತ್ತೈತೆ ಸುಮ್ಕಿರೇ,” ಎನ್ನುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ನಮ್ಮಿಬ್ಬರ ಜಗಳ ಕೇಳಿ ಬೀದಿಯವರು ಹೊತ್ತು ಎಷ್ಟಾಯಿತೆಂದು ತಿಳಿದುಕೊಳ್ಳುತ್ತಿದ್ದರು ಎಂದು ನಮ್ಮನೆಯವರು ಗೇಲಿ ಮಾಡುವುದುಂಟು. ಅಂಥ ಮನೆ ಒಮ್ಮೆಗೇ ತಣ್ಣಗಾಗಿಬಿಟ್ಟಿತು. ಜಗಳವಿಲ್ಲದ ಮನೆಯಲ್ಲಿ ಇರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಆಗಲೇ.

ಹಾಸನದ ಡಾಕ್ಟರು ಮೈಸೂರಿನ ಒಬ್ಬ ಸ್ಪೀಚ್ ಥೆರಪಿಸ್ಟ್ ಹೆಸರು ಬರೆದುಕೊಟ್ಟರು. ಕಳೆದುಹೋದ ಮಾತನ್ನು ಮತ್ತೆ ಕಲಿಸುವ ಕೆಲಸ ಅವರದು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ನಾನು ಮೇಡಂ ಎಂದೇ ಕರೆಯುತ್ತಿದ್ದೆ. ಎರಡು ಸಲ ಕಾರು ಮಾಡಿಕೊಂಡು ಮೈಸೂರಿಗೆ ಹೋದೆವು. ಎರಡು ಸಲವೂ ಅತ್ತೆ ದಾರಿಯಲ್ಲಿ ವಾಂತಿ ಮಾಡಿಕೊಂಡು, ಅಲ್ಲಿಗೆ ಮುಟ್ಟುವ ಹೊತ್ತಿಗೆ ಕಣ್ಣು ಬಿಡಲೂ ಆಗದಷ್ಟು ಸೋತಿದ್ದರು. ಮೇಡಂ ಹೇಳಿದರು, “ಇನ್ನು ಬರೋದು ಬೇಡ, ವಿಡಿಯೋದಲ್ಲೇ ಮಾಡೋಣ. ಆದ್ರೆ ತಪ್ಪಿಸಬೇಡಿ. ಈ ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಈಗ ಬಿಟ್ರೆ ಆಮೇಲೆ ಮಾತು ತರಿಸೋದು ತುಂಬ ನಿಧಾನ ಆಗತ್ತೆ.” ಇನ್ನೊಂದು ಮಾತನ್ನೂ ನನ್ನ ಮುಖ ನೋಡಿ ಹೇಳಿದರು. “ಮುಖ್ಯವಾಗಿ ನೀವು ಅವರ ಬದಲಿಗೆ ಮಾತಾಡಬೇಡಿ.” ಬುಧವಾರ ಸಂಜೆ ಐದೂವರೆ, ಶನಿವಾರ ಮಧ್ಯಾಹ್ನ ಮೂರು ಎಂದು ಗೊತ್ತುಮಾಡಿಕೊಂಡು ಬಂದೆವು.

ನಮ್ಮ ಊರು ಜಾವಗಲ್ ರಸ್ತೆಯಿಂದ ಒಳಕ್ಕೆ, ತಗ್ಗಿನಲ್ಲಿದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆ ಬಿಟ್ಟು ಕಣದ ದಿಬ್ಬ ಹತ್ತಬೇಕು. ಮನೆಯೊಳಗೆ ಇರುವುದು ಕೇಬಲ್‌ನವನು ಕಂಬದಿಂದ ಎಳೆದುಕೊಟ್ಟ ಇಂಟರ್ನೆಟ್ ಮಾತ್ರ. ಅದರ ವೈಫೈ ಡಬ್ಬಿ ಪಡಸಾಲೆಯ ಗೋಡೆಯ ಮೇಲಿದೆ. ಅತ್ತೆ ಇರುವುದು ಹಿಂದಿನ ಒಳಕೋಣೆಯಲ್ಲಿ. ಬಚ್ಚಲು ಅದಕ್ಕೇ ಅಂಟಿಕೊಂಡಿದೆ, ಅವರು ಲಿಂಗಪೂಜೆಗೆ ಕೂರುವ ಮಣೆಯೂ ಅಲ್ಲೇ. ಪಡಸಾಲೆಗೂ ಒಳಕೋಣೆಗೂ ನಡುವೆ ನಡುಮನೆ, ಎರಡಡಿ ದಪ್ಪದ ಎರಡು ಮಣ್ಣಿನ ಗೋಡೆ. ಪಡಸಾಲೆಯಲ್ಲಿ ವಿಡಿಯೋ ಸೊಗಸಾಗಿ ಓಡುತ್ತಿತ್ತು. ಒಳಕೋಣೆಯಲ್ಲಿ ಒಂದು ಮೆಸೇಜೂ ಬರುತ್ತಿರಲಿಲ್ಲ.

ಅದಕ್ಕೇನು, ಪಡಸಾಲೆಯಲ್ಲೇ ಕೂರಿಸಿದರಾಯಿತು ಎಂದು ಮೊದಲ ದಿನ ಅಲ್ಲೇ ಕುರ್ಚಿ ಹಾಕಿದೆವು. ಮೇಡಂ ಲೋಟದ ಚಿತ್ರ ತೋರಿಸಿ, “ಇದರಲ್ಲಿ ಕುಡಿಯೋಕೆ ಏನಿರತ್ತೆ?” ಎಂದರು. ಅತ್ತೆ ತುಟಿ ಅಲುಗಿಸುತ್ತಿರುವಾಗಲೇ ಹಳೆಯ ವ್ಯಾಪಾರಿಯೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದರು. ಯಾವ ಅತ್ತೆ ಅವರ ಬಾಯಿ ಮುಚ್ಚಿಸುತ್ತಿದ್ದರೋ ಅದೇ ಅತ್ತೆಯ ಮುಂದೆ ನಿಂತು, “ಅಯ್ಯೋ ಶಿವನೇ, ಅಮ್ಮಾರು ಹಿಂಗಾಗೋದ್ರಾ,” ಎಂದು ಲೊಚಗುಟ್ಟಿದರು. ಅತ್ತೆ ಸೆರಗು ಮುಖಕ್ಕೆ ಎಳೆದುಕೊಂಡು ಫೋನನ್ನು ಬೋರಲು ಹಾಕಿದರು. ಅವತ್ತಿನಿಂದ ಪಡಸಾಲೆಯಲ್ಲಿ ಅವರು ತುಟಿ ಬಿಚ್ಚಲಿಲ್ಲ. ನಮ್ಮಂಥ ಮನೆಯ ಪಡಸಾಲೆ ಅರ್ಧ ಬೀದಿ ಇದ್ದಂತೆ. ಬರಬೇಡಿ ಎಂದು ಯಾರಿಗೆ ಹೇಳುವುದು?

ವೈಫೈಯೇ ಒಳಕೋಣೆಗೆ ಬರಬೇಕು, ಬೇರೆ ದಾರಿಯಿರಲಿಲ್ಲ. ಕೇಬಲ್‌ನವನಿಗೆ ಹೇಳಿದರೆ, “ಬಾಕ್ಸ್ ಕೊಡೋದಷ್ಟೇ ಮೇಡಂ ನಮ್ ಕೆಲ್ಸ, ಗೋಡೆ ದಾಟ್ಸೋದು ನಿಮ್ದು,” ಎಂದು ಫೋನಿಟ್ಟ. ನನಗೆ ರೇಗಿತು. ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದಾಟಿಸಿಯೇ ತೋರಿಸುತ್ತೇನೆ ಎಂದು ಅರಸೀಕೆರೆಗೆ ಹೋಗಿ ರಿಪೀಟರ್ ತಂದೆ. ಅಂಗೈಯಗಲದ ಬಿಳಿ ಡಬ್ಬಿ. ಒಂದು ಕಡೆಯ ಸಿಗ್ನಲ್ಲನ್ನು ಕೇಳಿಸಿಕೊಂಡು ಅದನ್ನೇ ಜೋರಾಗಿ ಇನ್ನೊಂದು ಕಡೆಗೆ ಕೂಗಿ ಹೇಳುವುದಷ್ಟೇ ಅದರ ಕೆಲಸ. ಕೇಳಿಸದಿದ್ದರೆ ಪಾಪ ಅದು ತಾನೇ ಏನು ಹೇಳೀತು? ಅದಕ್ಕಾಗಿ ಎಲ್ಲಿಡಬೇಕು ಎನ್ನುವುದೇ ದೊಡ್ಡ ವಿಷಯ. ನಾನು ಮನೆಯನ್ನೆಲ್ಲ ಸುತ್ತಿ ಬುದ್ಧಿ ಓಡಿಸಿದೆ. ನಮ್ಮ ಮನೆಯ ಮಣ್ಣಿನ ಗೋಡೆಗಳು ಹೆಂಚಿನವರೆಗೂ ಹೋಗುವುದಿಲ್ಲ, ಅಟ್ಟದ ಮಟ್ಟಕ್ಕೆ ನಿಂತುಬಿಡುತ್ತವೆ. ನಡುಮನೆಯಿಂದ ಒಳಕೋಣೆಯವರೆಗೆ ಮೇಲೆಲ್ಲ ಒಂದೇ ಹಲಗೆಯ ಅಟ್ಟ. ಕೆಳಗೆ ದಾರಿಯಿಲ್ಲದಿದ್ದರೆ ಮೇಲಿಂದ ಹೋಗಲಿ ಎಂದು ಡಬ್ಬಿಯನ್ನು ಅಟ್ಟದ ಹಿಂಭಾಗಕ್ಕೆ ಏರಿಸಿದೆ. ಒಳಕೋಣೆಯಲ್ಲಿ ಸಿಗ್ನಲ್ ತುಂಬಿ ನಿಂತಿತು. ನಮ್ಮನೆಯವರು ಅದನ್ನು ನಂಬದೆ ತಾವೂ ಒಮ್ಮೆ ವಿಡಿಯೋ ಹಾಕಿ ನೋಡಿದರು. ಹಿತ್ತಲ ಗಿಡ ಮದ್ದಲ್ಲವಲ್ಲ.

ಬಾಗಿಲು ಹಾಕಿ, ಅತ್ತೆಯನ್ನು ಅವರ ಮಂಚದ ಮೇಲೇ ಕೂರಿಸಿ, ಪಾಠ ಶುರುವಾಯಿತು. ಮೇಡಂ ಅದೇ ಲೋಟ ತೋರಿಸಿ, “ನೀ...” ಎಂದು ಅರ್ಧ ಹೇಳಿ ನಿಲ್ಲಿಸುತ್ತಿದ್ದರು. ಮೂರನೆಯ ಪಾಠದಲ್ಲಿ ಅತ್ತೆ, “ರು,” ಎಂದು ಮುಗಿಸಿದರು. ನಾಲ್ಕನೆಯದರಲ್ಲಿ ಪೂರ್ತಿಯಾಗಿ “ನೀರು” ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಬಂದ ಮೊದಲ ಹೊಸ ಮಾತು. ನಮ್ಮನೆಯವರು ಹೊರಗೆ ನಿಂತು ಕೇಳಿ ಕಣ್ಣು ಒರೆಸಿಕೊಂಡರು. ಅವತ್ತು ಅತ್ತೆ ಬೇಕಿರಲಿ ಬೇಡದಿರಲಿ ಆರೇಳು ಲೋಟ ನೀರು ತರಿಸಿಕೊಂಡರು.

ಅದಾಗಿ ಒಂದು ವಾರಕ್ಕೆ ಅಟ್ಟಕ್ಕೆ ಹೊಸ ಕಾಯಿ ಏರಿಸಿದರು.

ನಮ್ಮ ಕಡೆಯ ಕ್ರಮ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ತೋಟದಿಂದ ಬಂದ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷದ ತನಕ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ಒಡೆದು ಅರಸೀಕೆರೆ ಮಾರ್ಕೆಟ್ಟಿಗೆ ಹೋಗುವುದು. ಹಳೆಯದು ಹೋಗಿ ಹೊಸದು ಬರುವವರೆಗೆ ಕೆಲವು ವಾರ ಮಾತ್ರ ಅಟ್ಟ ಖಾಲಿ. ನಾನು ರಿಪೀಟರ್ ಏರಿಸಿದ್ದು ಆ ಖಾಲಿ ದಿನಗಳಲ್ಲಿ. ಕಾಯಿ ಏರಿಸಿದ ದಿನ ನಾನು ಶಾಲೆಯಲ್ಲಿದ್ದೆ. ಸಂಜೆ ಬಂದಾಗ ನಮ್ಮನೆಯವರು ಹೆಮ್ಮೆಯಿಂದ, “ನಿನ್ ಡಬ್ಬೀನ ಹುಷಾರಾಗಿ ತೊಲೆಗೆ ನೇತ್ಹಾಕಿದೀನಿ ಕಣೇ, ಒಂದ್ ಕಾಯೂ ತಾಗ್ಸಿಲ್ಲ,” ಎಂದರು. ನಾನು ಮೆಚ್ಚಿಕೊಂಡು ಅವರಿಗೆ ಇನ್ನೊಂದು ರೊಟ್ಟಿ ಬಡಿಸಿದೆ.

ಮುಂದಿನ ಪಾಠದಲ್ಲಿ ಮೇಡಂ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು. ಅದಾದ ಮೇಲೆ ಕರೆಯೇ ಹೋಗಲಿಲ್ಲ. ವಿಚಿತ್ರವೆಂದರೆ ಫೋನಿನಲ್ಲಿ ವೈಫೈ ಗುರುತು ಮಾತ್ರ ತುಂಬಿಕೊಂಡೇ ಇತ್ತು. ನಾನು ಕೇಬಲ್‌ನವನನ್ನು ಬೈದೆ. ಅವನು ಬಂದು ಪಡಸಾಲೆಯಲ್ಲಿ ನೋಡಿ, ಸರಿಯಾಗೈತಲ್ಲ ಮೇಡಂ ಎಂದು ಹೋದ. ಕರೆಂಟನ್ನು ಬೈದೆ. ಇಲಿ ವೈರು ಕಡಿದಿರಬೇಕೆಂದು ಏಣಿ ಹತ್ತಿ ಟಾರ್ಚು ಬಿಟ್ಟು ನೋಡಿದೆ. ಪಾಸ್‌ವರ್ಡ್ ಬದಲಾಯಿಸಿದೆ. ತೊಲೆಗೆ ನೇತುಹಾಕುವಾಗ ಎಲ್ಲೋ ಬೀಳಿಸಿದ್ದೀರಿ ಎಂದು ನಮ್ಮನೆಯವರ ಮೇಲೂ ಹಾರಾಡಿದೆ. ಕೊನೆಗೆ ಇನ್ನೊಂದು ಹೊಸ ರಿಪೀಟರನ್ನೇ ತಂದು ಅದೇ ಜಾಗಕ್ಕೆ ಹಾಕಿದೆ. ಅದೇ ಕಥೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಎರಡು ವಾರ ನನಗೆ ಕಂಡ ನೆಲವೆಲ್ಲ ಡೊಂಕು.

ನಾಲ್ಕು ಪಾಠ ತಪ್ಪಿಹೋದವು. ನಾನೇ ಲೋಟ ಹಿಡಿದುಕೊಂಡು, “ನೀ...” ಎಂದರೆ ಅತ್ತೆ ನನ್ನ ಬಾಯಿಯನ್ನೇ ನೋಡುತ್ತ ಪ್ರಯತ್ನಪಟ್ಟು, ಪ್ರಯತ್ನಪಟ್ಟು, “ಬ್ಯಾಡ,” ಎಂದರು. ಬಂದಿದ್ದ ಒಂದೇ ಒಂದು ಮಾತೂ ಹೋಗಿಬಿಟ್ಟಿತ್ತು. ನಾಲ್ಕನೆಯದು ತಪ್ಪಿದ ಶನಿವಾರ ದಿಬ್ಬದ ಮೇಲೆ ನಿಂತಾಗ ಮೇಡಂ ಮೆಸೇಜು ಬಂತು: ಸಾಲಿನಲ್ಲಿ ಬೇರೆಯವರು ಕಾಯುತ್ತಿದ್ದಾರೆ, ಬುಧವಾರವೂ ಆಗದಿದ್ದರೆ ಈ ಸಮಯವನ್ನು ಅವರಿಗೆ ಕೊಡಬೇಕಾಗುತ್ತದೆ, ದಯವಿಟ್ಟು ತಪ್ಪು ತಿಳಿಯಬೇಡಿ. ನಾನು ತಪ್ಪು ತಿಳಿಯಲಿಲ್ಲ. ಆದರೆ ಈ ಮನೆಯಲ್ಲಿ ಇನ್ನು ಮುಂದೆ ಬರೀ ‘ಬ್ಯಾಡ’ ಕೇಳಿಕೊಂಡೇ ಇರಬೇಕೇನೋ ಎನ್ನಿಸಿತು.

ಇದರ ನಡುವೆ ಅತ್ತೆಯದು ಇನ್ನೊಂದು ಹಟ. ಪಾಠ ನಿಂತ ದಿನದಿಂದಲೂ ಎಡಗೈ ಮೇಲೆತ್ತಿ ಅಟ್ಟ ತೋರಿಸಿ, “ಬ್ಯಾಡ, ಬ್ಯಾಡ,” ಎನ್ನುವುದು. ಕೂತರೂ ಅದೇ, ಮಲಗಿದರೂ ಅದೇ. ಜೀವಮಾನವೆಲ್ಲ ಕಾಯಿ ಲೆಕ್ಕ ಹಾಕಿದ ಜೀವ, ಅದೇ ಧ್ಯಾನ ಎಂದುಕೊಂಡೆವು. ನಮ್ಮನೆಯವರು ಪಕ್ಕದಲ್ಲಿ ಕೂತು, “ಕಾಯೆಲ್ಲ ಚೆನ್ನಾಗೇ ಬಂದೈತೆ ಕಣವ್ವ, ಒಂದೂ ಒಡೆದಿಲ್ಲ, ಯೋಚ್ನೆ ಮಾಡ್ಬ್ಯಾಡ,” ಎಂದು ಸಮಾಧಾನ ಮಾಡುತ್ತಿದ್ದರು. ಅತ್ತೆ ಮಗನನ್ನು ದಡ್ಡನನ್ನು ನೋಡುವಂತೆ ನೋಡಿ ಗೋಡೆಯ ಕಡೆ ಹೊರಳಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಚಟ್ನಿಗೆ ಕಾಯಿ ಒಡೆಯಲು ಕೂತಿದ್ದೆ. ಅತ್ತೆ ಬಾಗಿಲಲ್ಲಿ ಕುರ್ಚಿಯ ಮೇಲೆ. ಸುಮ್ಮನಿದ್ದವರು ಬಗ್ಗಿ ನನ್ನ ಮುಂದಿದ್ದ ಕಾಯಿಯನ್ನು ಎಡಗೈಯಿಂದ ಎತ್ತಿಕೊಂಡರು. ಅದನ್ನು ಅಟ್ಟದ ಕಡೆ ತೋರಿಸಿದರು, ಆಮೇಲೆ ಕಟ್ಟೆಯ ಮೇಲಿದ್ದ ನನ್ನ ಫೋನಿನ ಕಡೆ ತೋರಿಸಿದರು. ಮತ್ತೆ ಅಟ್ಟ, ಮತ್ತೆ ಫೋನು. “ಬ್ಯಾಡ,” ಎಂದರು. ನನಗೆ ತಿಳಿಯಲಿಲ್ಲ. ಅವರು ಸಿಟ್ಟಿನಿಂದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಈ ಸೀಮೆಯವರ ಕೈಗೆ ಕಾಯಿ ಸಿಕ್ಕಿದರೆ ಅಲ್ಲಾಡಿಸದೆ ಬಿಡುವುದಿಲ್ಲ, ಒಣಗಿದೆಯೋ ಇಲ್ಲವೋ ಶಬ್ದದಲ್ಲೇ ಗೊತ್ತಾಗುತ್ತದೆ. ಒಳಗೆ ನೀರು ಗುಳುಗುಳು ಎಂದಿತು.

ನನ್ನ ಕೈಯಲ್ಲಿದ್ದ ಮಚ್ಚು ಹಾಗೇ ನಿಂತಿತು. ಹಿಂದಿನ ವಾರವಷ್ಟೇ ಹತ್ತನೇ ತರಗತಿಯವರಿಗೆ ಮೈಕ್ರೋವೇವ್ ಒಲೆಯ ಬಗ್ಗೆ ಹೇಳಿದ್ದೆ. ಅದರ ಅಲೆಗಳನ್ನು ನೀರು ನುಂಗಿಕೊಳ್ಳುತ್ತದೆ, ಅದಕ್ಕೇ ಅನ್ನ ಬಿಸಿಯಾಗುತ್ತದೆ, ನಿಮ್ಮ ಮನೆಯ ವೈಫೈ ಅಲೆಯೂ ಅದೇ ಜಾತಿಯದು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೆ. ಹೇಳಿ ಕೈ ಒರೆಸಿಕೊಂಡು ಜಾವಗಲ್ ಬಸ್ಸು ಹತ್ತಿ ಮನೆಗೆ ಬಂದು, ನೀರು ತುಂಬಿದ ಸಾವಿರಾರು ಕಾಯಿಗಳ ನಡುವೆ ರಿಪೀಟರ್ ನೇತುಹಾಕಿಕೊಂಡು, ಕೇಬಲ್‌ನವನನ್ನು ಬೈಯುತ್ತಿದ್ದೆ. ಅಟ್ಟದ ಮೇಲೆ ಹರಡಿದ್ದು ಒಂದು ಕೆರೆ. ಪಡಸಾಲೆಯ ಸಿಗ್ನಲ್ ಅದನ್ನು ದಾಟಿ ಡಬ್ಬಿಗೆ ತಲುಪುತ್ತಲೇ ಇರಲಿಲ್ಲ. ಡಬ್ಬಿ ಏನೂ ಕೇಳಿಸದೆ, ಏನೂ ಇಲ್ಲದ್ದನ್ನೇ ಒಳಕೋಣೆಗೆ ಜೋರಾಗಿ ಸಾರುತ್ತಿತ್ತು. ಅತ್ತೆಗೆ ಅಲೆ ಗಿಲೆ ಗೊತ್ತಿಲ್ಲ. ಕಾಯಿ ಏರಿದ ದಿನದಿಂದ ಮೇಡಂ ಬರುವುದು ನಿಂತಿತು, ಅಷ್ಟನ್ನು ಅವರು ಕಂಡಿದ್ದರು. ಎರಡು ವಾರದಿಂದ ಅದನ್ನೇ ಹೇಳುತ್ತಿದ್ದರು. ಮಾತು ಬಾರದವರ ಮಾತಿಗೆ ಬೆಲೆ ಕೊಡದೆ ನಾವು ಸಮಾಧಾನ ಹೇಳುತ್ತಿದ್ದೆವು. ನನಗೆ ನಿಜವಾಗಿ ನಾಚಿಕೆಯಾಯಿತು. “ತಪ್ಪಾಯ್ತು ಅತ್ತೆಮ್ಮ, ನೀವು ಹೇಳಿದ್ದು ಸರಿ,” ಎಂದೆ. ಅವರು ಕಾಯನ್ನು ನನ್ನ ಮಡಿಲಿಗೆ ಹಾಕಿ ಉಸ್ಸೆಂದರು.

ನಮ್ಮನೆಯವರು ಸುದ್ದಿ ಕೇಳಿದ್ದೇ ಏಣಿ ಇಟ್ಟರು. “ಒಂದ್ ಕಡೆ ಖಾಲಿ ಮಾಡ್ಬುಡ್ತೀನಿ, ಹಾಳಾದ್ರೆ ಹಾಳಾಗ್ಲಿ,” ಎಂದು ಎರಡು ಮೆಟ್ಟಿಲು ಹತ್ತಿದರು. ಅಟ್ಟಕ್ಕೆ ಹಾಕಿದ ಕಾಯನ್ನು ನಡುವೆ ಕದಲಿಸಬಾರದು, ಕದಲಿಸಿದರೆ ಕೊಬ್ಬರಿ ಕೆಡುತ್ತದೆ ಎನ್ನುವುದು ಈ ಮನೆಯ ಕಟ್ಟಳೆ. ಅತ್ತೆ ಕುರ್ಚಿಯ ತೋಳನ್ನು ಬಡಿದು, “ಬ್ಯಾಡ!” ಎಂದರು. ಈ ಸಲದ ಬ್ಯಾಡಕ್ಕೆ ಅರ್ಥ ಬ್ಯಾಡವೇ ಎಂದು ಇಬ್ಬರಿಗೂ ತಿಳಿಯಿತು. ನಮ್ಮನೆಯವರು ತೆಪ್ಪಗೆ ಇಳಿದರು.

ಮೇಲೂ ಇಲ್ಲ, ಕೆಳಗೂ ಇಲ್ಲ ಎಂದ ಮೇಲೆ ಹೊರಗಿನಿಂದಲೇ ಬರಬೇಕು. ಗಾಳಿಯನ್ನು ನಂಬುವುದು ಬಿಟ್ಟು ತಂತಿ ಎಳೆಯುವುದೆಂದು ತೀರ್ಮಾನಿಸಿದೆ. ಒಳಕೋಣೆಗೆ ಇನ್ನೊಂದು ವೈಫೈ ಡಬ್ಬಿ ಕೊಳ್ಳಬೇಕಲ್ಲ ಎಂದುಕೊಳ್ಳುತ್ತಿರುವಾಗ, ಹಿಂದಿನ ಕನೆಕ್ಷನ್ನಿನ ಹಳೆಯ ರೌಟರು ಬೀರುವಿನಲ್ಲಿ ಸೀರೆಗಳ ಕೆಳಗೆ ಇರುವುದು ನೆನಪಾಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. ನಮ್ಮನೆಯವರು ಬೈಕಿನಲ್ಲಿ ಅರಸೀಕೆರೆಗೆ ಹೋಗಿ ಉದ್ದದ ನೆಟ್‌ವರ್ಕ್ ಕೇಬಲ್ ತಂದರು. ಬಿಸಿಲು ಮಳೆಗೆ ಅದು ಕೆಡದಂತೆ ತೋಟದಲ್ಲಿ ಮಿಕ್ಕಿದ್ದ ಕಪ್ಪು ಡ್ರಿಪ್ ಪೈಪಿನೊಳಗೆ ತೂರಿಸುವ ಯೋಚನೆ ಅವರದೇ. ಒಳ್ಳೆಯ ಯೋಚನೆ, ಒಪ್ಪಿಕೊಳ್ಳುತ್ತೇನೆ. ತುದಿಯ ಪಿನ್ನಿಗೆ ಸೆಣಬಿನ ದಾರ ಕಟ್ಟಿ, ಒಬ್ಬರು ನೂಕಿ ಒಬ್ಬರು ಎಳೆದು, ಸೂರಿನ ಕೆಳಗೆ ಗೋಡೆಯುದ್ದಕ್ಕೂ ಮೊಳೆ ಹೊಡೆದು ಒಳಕೋಣೆಯ ಕಿಟಕಿಯವರೆಗೆ ಒಯ್ದೆವು. ಸೋಮವಾರ ಸಂಜೆಯೆಲ್ಲ ಅದೇ ಆಯಿತು. ಅತ್ತೆ ಒಳಗಿನಿಂದ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದರು.

ಮಂಗಳವಾರ ಹಳೆಯ ರೌಟರಿಗೆ ಜೀವ ಕೊಟ್ಟೆ. ಕೊಟ್ಟದ್ದೇ ತಡ, ಒಳಕೋಣೆಗೆ ಬರುವುದಿರಲಿ, ಪಡಸಾಲೆಯಲ್ಲಿ ಇದ್ದದ್ದೂ ಹೋಯಿತು. ತಲೆ ಕೆಟ್ಟು ಅರ್ಧ ಗಂಟೆ ಕೂತೆ. ಆಮೇಲೆ ತಿಳಿಯಿತು. ಮನೆಯ ಒಂದೊಂದು ಫೋನಿಗೂ ನಿನ್ನ ವಿಳಾಸ ಇದು ಎಂದು ಹಂಚಿಕೊಡುವುದು ರೌಟರಿನ ಕೆಲಸ. ಈಗ ಇಬ್ಬರೂ ಹಂಚಲು ಕೂತಿದ್ದರು. ಒಂದು ಪಂಕ್ತಿಗೆ ಇಬ್ಬರು ಯಜಮಾನಿಯರು ಎಲೆ ಹಾಕಿಸಿದರೆ ಆಗುವ ಗತಿಯೇ ಇಲ್ಲೂ ಆಗಿತ್ತು. ಹಳೆಯ ರೌಟರಿನಲ್ಲಿ ಆ ಹಂಚುವ ಕೆಲಸವನ್ನು ನಿಲ್ಲಿಸಿ, ಅದರದೇ ವಿಳಾಸವನ್ನು ಬೇರೆ ಮಾಡಿ, ಪಡಸಾಲೆಯದಕ್ಕಿರುವ ಹೆಸರು ಪಾಸ್‌ವರ್ಡನ್ನೇ ಇದಕ್ಕೂ ಕೊಟ್ಟೆ. ಹಸಿರು ದೀಪ ನಿಂತಿತು. ಒಳಕೋಣೆಯ ಮಂಚದ ಮೇಲೆ ಕೂತು ಬಿಕ್ಕೋಡಿನ ನನ್ನ ತಂಗಿಗೆ ವಿಡಿಯೋ ಹಚ್ಚಿದೆ. ಅವಳ ಹಿಂದಿನ ಕ್ಯಾಲೆಂಡರಿನ ತಾರೀಖು ಕೂಡ ಓದುವ ಹಾಗಿತ್ತು. ಹೋದ ಜೀವ ಬಂದಂತಾಯಿತು.

ಬುಧವಾರ ಐದೂವರೆಗೆ ಮೇಡಂ ಬಂದರು, ಅಲುಗದೆ, ತಡವರಿಸದೆ, ಪಕ್ಕದಲ್ಲೇ ಕೂತಂತೆ. ಲೋಟ ತೋರಿಸಿದರು. ಅತ್ತೆ, “ಬ್ಯಾಡ,” ಎಂದರು. ಹಣೆಗೆ ಹೋಗುತ್ತಿದ್ದ ಕೈಯನ್ನು ನಾನು ಹಿಡಿದುಕೊಂಡೆ. “ಪರವಾಗಿಲ್ಲಮ್ಮ, ನಿಧಾನ. ನೀ...” ಎಂದರು ಮೇಡಂ. ಅತ್ತೆಯ ತುಟಿ ಎರಡು ಸಲ ಬರಿದೇ ಅಲುಗಿತು. ಆಮೇಲೆ ಅತ್ತೆ, “ನೀ... ನೀರು,” ಎಂದರು. ನನ್ನ ಹೆಗಲ ಮೇಲಿಂದ ಒಂದು ಮೂಟೆ ಇಳಿಯಿತು. ಆ ದಿನ ನಾನು ಅಳಲಿಲ್ಲ, ಚೆನ್ನಾಗಿ ಊಟ ಮಾಡಿ ಮಲಗಿದೆ.

ಅಲ್ಲಿಂದ ಒಂದು ಪಾಠವೂ ತಪ್ಪಲಿಲ್ಲ. ಮಾತು ಒಂದೊಂದಾಗಿ ಬಂತು, ಬಂದದ್ದು ಕೆಲವು ಸಲ ಹೋಗಿ ಮತ್ತೆ ಬಂತು. ಮಗ, ಕಾಫಿ, ಬಿಸಿ, ವಿಭೂತಿ. ಎರಡು ಮಾತು ಕೂಡಿಸುವುದಕ್ಕೆ ಇನ್ನೂ ಬಹಳ ದಿನ ಹಿಡಿಯಿತು. ಪಾಠದಲ್ಲಿ ನಾನೂ ಪಕ್ಕದಲ್ಲೇ ಕೂರುತ್ತಿದ್ದೆ. ಮೇಡಂ ಎಷ್ಟು ಹೇಳಿದರೂ ನನ್ನ ಚಾಳಿ ಬಿಡಲಿಲ್ಲ. ಅತ್ತೆ ತಡವರಿಸಿದರೆ ನನ್ನ ಬಾಯಿ ತಾನೇ ತೆರೆದುಕೊಳ್ಳುತ್ತಿತ್ತು.

ಒಂದು ಶನಿವಾರ ಮೇಡಂ, “ಅಮ್ಮ, ಇವತ್ತು ಊಟ ಹೇಗಿತ್ತು?” ಎಂದು ಕೇಳಿದರು. ಅತ್ತೆ ಯೋಚಿಸುತ್ತಿದ್ದರು. “ಚೆನ್ನಾಗಿ ಊಟ ಮಾಡಿದ್ರು ಮೇಡಂ,” ಎಂದು ನಾನು ಹೇಳಿಯೇಬಿಟ್ಟೆ. ಅತ್ತೆ ಎಡಗೈ ಎತ್ತಿ ನನ್ನನ್ನು ತಡೆದರು. ಬಾಗಿಲ ಕಡೆ ನೋಡಿದರು. “ನೀ... ಹೋಗು,” ಎಂದರು. ನಾನು ಎದ್ದು ಹೊಸ್ತಿಲು ದಾಟುವಾಗ ಹಿಂದಿನಿಂದ, “ಬಾಗ್ಲು... ಹಾಕ್ಕೊ,” ಎಂದರು.

ಬಾಗಿಲು ಹಾಕಿಕೊಂಡು ಅದಕ್ಕೇ ಒರಗಿ ನಿಂತೆ. ಒಳಗೆ ಮೇಡಂ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಆಮೇಲೆ ಅತ್ತೆಯ ದನಿ ಕೇಳಿಸಿತು, ಒಂದೊಂದೇ ಮಾತು, ಭಾರ ಎತ್ತಿ ಎತ್ತಿ ಇಟ್ಟಂತೆ. “ಸೊಸೆ... ಸಾರಿಗೆ... ಉಪ್ಪು... ಹಾಕಲ್ಲ.” ಬಿಪಿಗೆಂದು ಡಾಕ್ಟರೇ ಉಪ್ಪು ಕಡಿಮೆ ಮಾಡಲು ಹೇಳಿದ್ದರು. ಮೇಡಂ ನಕ್ಕು, “ತುಂಬ ಚೆನ್ನಾಗಿ ಹೇಳಿದ್ರಿ, ಇನ್ನೊಂದ್ ಸಲ ಹೇಳಿ,” ಎಂದರು. ಅತ್ತೆ ಇನ್ನೊಂದು ಸಲ ಹೇಳಿದರು. ಕೇಳದಿದ್ದರೂ ಮೂರನೆಯ ಸಲ ಹೇಳಿದರು, ಈ ಸಲ ಸ್ವಲ್ಪ ಬೇಗ.

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ತೋಟದಿಂದ ಬಂದ ನಮ್ಮನೆಯವರು ನನ್ನ ಮುಖ ನೋಡಿ ಗಾಬರಿಯಾದರು. “ಯಾಕೇ, ಮತ್ತೆ ನೆಟ್ ಹೋಯ್ತಾ?”

“ಇಲ್ಲ ಕಣ್ರೀ,” ಎಂದೆ. “ನಿಮ್ಮವ್ವ ನನ್ ಮೇಲೆ ಚಾಡಿ ಹೇಳ್ತಾವ್ರೆ.”

ಅವರೂ ಬಂದು ನನ್ನ ಪಕ್ಕದಲ್ಲೇ ಬಾಗಿಲಿಗೆ ಕಿವಿಯಿಟ್ಟು ನಿಂತರು.